ಅರ್ಧಕ್ಕೆ ಬಿಟ್ಟ ತಲೆ: ಒಂದು ಸಲೂನು ಕುರ್ಚಿಯ ಮಾತು

ನಾನು ಒಂದು ಕುರ್ಚಿ. ಮನೆಯ ಪಡಸಾಲೆಯಲ್ಲಿ ನೆಂಟರಿಗೆ ಕಾಯುವ ಕುರ್ಚಿಯಲ್ಲ, ಕಚೇರಿಯಲ್ಲಿ ಸಾಹೇಬರ ಅಡಿಯಲ್ಲಿರುವ ಮೆತ್ತನೆಯ ಕುರ್ಚಿಯೂ ಅಲ್ಲ. ಕ್ಷೌರದಂಗಡಿಯ ಕುರ್ಚಿ. ಅರವತ್ತು ವರ್ಷ ಜನರ ಭಾರ ಹೊತ್ತಿದ್ದೇನೆ, ಅವರ ಕೂದಲನ್ನು ಮೈಮೇಲೆ ಬೀಳಿಸಿಕೊಂಡಿದ್ದೇನೆ. ಒಂದು ದಿನವೂ ಗೊಣಗಿದ್ದಿಲ್ಲ. ಆದರೆ ಈಗ ಹೇಳುವ ಮಾತಿನಲ್ಲಿ ಸಿಟ್ಟಿದೆ. ಸಿಟ್ಟಿದೆ ಅಂತ ಕೂಗಾಡುವುದಿಲ್ಲ. ಮೊದಲಿಂದ ಹೇಳುತ್ತೇನೆ, ಕೇಳಿ.

ನಾನು ಹುಟ್ಟಿದ್ದು ಅರಸೀಕೆರೆಯಲ್ಲಿ, ರೈಲ್ವೆ ಗೇಟಿನ ಆಚೆ, ಚೌಡಾಚಾರಿ ಎಂಬ ಕಮ್ಮಾರನ ಕುಲುಮೆಯಲ್ಲಿ. ಕಾಲು ಮತ್ತು ಕಂಬ ಕಬ್ಬಿಣದ್ದು. ಕೂರುವ ಹಲಗೆ, ತೋಳು, ತಲೆಯಾನಿಸುವ ಪಟ್ಟಿ ಹೊನ್ನೆ ಮರದ್ದು. ಕಂಬಕ್ಕೂ ಹಲಗೆಗೂ ನಡುವೆ ಒಂದು ದಪ್ಪ ಬೋಲ್ಟು. ನನ್ನ ಮೈಯಲ್ಲಿ ಅದೊಂದೇ ಜೀವದ ಜಾಗ. ಅದನ್ನು ಬಿಗಿದ ದಿನ ಚೌಡಾಚಾರಿ ತಾನೇ ಹತ್ತಿ ಕೂತು, ಎರಡು ಸಲ ಕುಪ್ಪಳಿಸಿ, "ಇದೊಂದು ಗಟ್ಟಿಯಾಗಿದ್ರೆ ಆನೆ ಕೂತ್ರೂ ಅಲ್ಲಾಡಲ್ಲ ಕಣೋ ದಾಸ" ಅಂದ. ನನ್ನನ್ನು ಮಾಡಿಸಿದವನು ದಾಸಪ್ಪ. ಸ್ಟೇಷನ್ನಿನ ಎದುರಿಗೆ ಒಂದು ಬಾಗಿಲಿನ ಸಲೂನು ಇಟ್ಟಿದ್ದ.

ನನಗೆ ಓದು ಬರುವುದಿಲ್ಲ. ಗೋಡೆಯ ದೊಡ್ಡ ಕನ್ನಡಿಯ ಕಡೆಗೆ ನನ್ನ ಮುಖ. ಹಿಂದಿನ ಬೋರ್ಡಿನ ಅಕ್ಷರಗಳೆಲ್ಲ ಅದರಲ್ಲಿ ತಿರುಗಾಮುರುಗಾ ಕಾಣುತ್ತಿದ್ದವು, ಆದ್ದರಿಂದ ಅವು ನನಗೆ ಹತ್ತಲಿಲ್ಲ. ಕಲಿತದ್ದೆಲ್ಲ ಕಿವಿಯಿಂದ. ಕಂಡದ್ದೆಲ್ಲ ಕನ್ನಡಿಯಿಂದ, ಅದೂ ಕೆಳಗಿನಿಂದ. ದಾಸಪ್ಪನ ಮುಖ ನೆನೆದರೆ ನನಗೆ ಮೊದಲು ಬರುವುದು ಅವನ ಗದ್ದ, ಆಮೇಲೆ ಮೂಗಿನ ಹೊಳ್ಳೆ.

ಆಗ ಹೊಗೆ ಉಗುಳುವ ಇಂಜಿನ್‌ಗಳು. ಅವು ನೀರು ಕುಡಿಯುವವರೆಗೂ ರೈಲು ಸ್ಟೇಷನ್ನಿನಲ್ಲಿ ನಿಲ್ಲುತ್ತಿತ್ತು. ಅಷ್ಟರಲ್ಲಿ ಒಂದು ಗಡ್ಡ ಆಗಿಬಿಡಲಿ ಅಂತ ಪ್ರಯಾಣಿಕರು ಓಡಿ ಬರುತ್ತಿದ್ದರು. ಒಂದು ಸಲ ಕರೀ ಕೋಟಿನ ಒಬ್ಬ ವಕೀಲರು ಬಂದು ಕೂತರು. ಬಲಗೆನ್ನೆ ಆಗಿತ್ತು, ಎಡಗೆನ್ನೆಯ ಮೇಲೆ ಸೋಪಿನ ನೊರೆ ಇತ್ತು. ರೈಲು ಕೂಗಿತು. ವಕೀಲರು ಟವೆಲಿನ ಸಮೇತ ಎದ್ದು ಓಡಿದರು. ದಾಸಪ್ಪನೂ ಕತ್ತಿ ಹಿಡಿದು ಹಿಂದೆಯೇ ಓಡಿದ. ಪ್ಲಾಟ್‌ಫಾರ್ಮಿನ ಜನ ಕೊಲೆಯೋ ಏನೋ ಅಂತ ದಾರಿ ಬಿಟ್ಟರಂತೆ. ಡಬ್ಬಿಯ ಬಾಗಿಲಲ್ಲಿ ವಕೀಲರನ್ನು ಹಿಡಿದು, ನಿಂತಲ್ಲೇ ಎಡಗೆನ್ನೆ ಮುಗಿಸಿ, ಪಟಿಕ ಸವರಿ, ಚಲಿಸುವ ರೈಲಿನಿಂದ ಇಳಿದು ಬಂದ. ಮೊಣಕಾಲು ತರಚಿತ್ತು.

"ದುಡ್ಡು ಈಸ್ಕೊಂಡ್ಯಾ?" ಅಂದ ಪಕ್ಕದ ಬೀಡಿ ಅಂಗಡಿಯವನು.

"ಅದ್ಯಾರಿಗೆ ಗ್ಯಾನ ಇತ್ತು? ಅರ್ಧಕ್ಕೆ ಬಿಟ್ಟ ಮುಖ ಊರೂರಲ್ಲಿ ಓಡಾಡಬಾರದು ಕಣಪ್ಪ. ಅದು ಅವರ ಮುಖ ಅಲ್ಲ, ನನ್ನ ಮುಖ."

ಇದು ಆ ಮನೆಯ ಕಟ್ಟಳೆ. ಮುಟ್ಟಿದ ತಲೆಯನ್ನು ಮುಗಿಸದೆ ಬಿಡಬಾರದು. ಇದಕ್ಕೆ ಜೊತೆಯಾದ ಇನ್ನೊಂದು ಕಟ್ಟಳೆ ಊರಿನ ಕಸುಬಿನವರಿಗೆಲ್ಲ ಇತ್ತು: ಒಬ್ಬ ಶುರು ಮಾಡಿದ ತಲೆಗೆ ಇನ್ನೊಬ್ಬ ಕತ್ತರಿ ಹಾಕಬಾರದು. ಎರಡು ಕಟ್ಟಳೆಯನ್ನೂ ನೆನಪಿಟ್ಟುಕೊಳ್ಳಿ. ನನ್ನ ಸಿಟ್ಟೆಲ್ಲ ಅಲ್ಲಿಂದಲೇ ಬಂದದ್ದು.

ದಾಸಪ್ಪನ ಕೈ ನಡುಗತೊಡಗಿದಾಗ ಕತ್ತಿ ಅವನ ಮಗ ಪುಟ್ಟನಂಜಯ್ಯನಿಗೆ ಬಂತು. ನಾನೂ ಬಂದೆ. ನಂಜಯ್ಯ ಅಪ್ಪನಿಗಿಂತ ಮಾತು ಕಡಿಮೆ, ಕೈ ಹಗುರ. ಬೆಳಿಗ್ಗೆ ಬಾಗಿಲು ತೆಗೆದವನೇ ಕತ್ತರಿಯನ್ನು ಕಣ್ಣಿಗೊತ್ತಿಕೊಂಡು, ನನ್ನ ಹಲಗೆಯ ಮೇಲೆ ಅಂಗೈಯಿಟ್ಟು ಮೂರು ಸಲ ಅದುಮುತ್ತಿದ್ದ. ಅಲುಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಗಿರಾಕಿಯನ್ನು ಕೂರಿಸುವುದು. ನಲವತ್ತು ವರ್ಷ ಒಂದು ದಿನವೂ ತಪ್ಪಲಿಲ್ಲ. ಮಂಗಳವಾರ ಮಾತ್ರ ಕತ್ತರಿಗೂ ನನಗೂ ರಜೆ.

ನಲವತ್ತು ವರ್ಷದಲ್ಲಿ ಅವನ ಕತ್ತಿಗೆ ಒಂದು ಹನಿ ರಕ್ತ ಅಂಟಿರಲಿಲ್ಲ. ಅದಕ್ಕೇ ಸುತ್ತಲ ಊರುಗಳಲ್ಲಿ ಮದುವಣಿಗನ ಕ್ಷೌರಕ್ಕೆ ನಂಜಯ್ಯನೇ ಆಗಬೇಕು. ಹಸೆಗೆ ಕೂರುವ ಗಂಡಿನ ಮುಖದಲ್ಲಿ ರಕ್ತ ಕಂಡರೆ ಅಪಶಕುನ ಅನ್ನುತ್ತಾರೆ, ಹೆಣ್ಣಿನ ಕಡೆಯವರು ಗುಸುಗುಸು ಶುರು ಮಾಡುತ್ತಾರೆ. ನಂಜಯ್ಯ ಹೋದರೆ ಆ ಭಯವಿಲ್ಲ. ವೀಳ್ಯ ಕೊಟ್ಟು ಕರೆದುಕೊಂಡು ಹೋಗುತ್ತಿದ್ದರು. ಹೊರಡುವಾಗ ಅವನ ಹೆಂಡತಿ ಲಕ್ಕಮ್ಮ ಬಿಳೀ ಪಂಚೆ ಮಡಿಸಿ ಕೊಡುತ್ತಿದ್ದಳು. ಜಗಳವಾದಾಗ ಬೈಯಲು ನಮ್ಮ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ಊರಿದು. ಅಂಥ ಊರಿನಲ್ಲಿ ಆ ವೀಳ್ಯದೆಲೆ ಎಂದರೆ ಅವನಿಗೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹೀಗಿರುವಾಗ ಸಿನಿಮಾದವರು ಬಂದರು.

ಕರೆದುಕೊಂಡು ಬಂದವನು ಓಬಳೇಶ. ಬಸ್‌ಸ್ಟ್ಯಾಂಡ್ ಹತ್ತಿರ ಏಸಿ ಹಾಕಿಸಿದ ಸಲೂನು ಅವನದು, ನಮ್ಮವರ ಸಂಘಕ್ಕೆ ಅಧ್ಯಕ್ಷ ಬೇರೆ. ಕೆಟ್ಟವನಲ್ಲ, ಫೋಟೋ ಅಂದರೆ ಮುಂದೆ ನಿಲ್ಲುವವನು, ಅಷ್ಟೆ. ಅವನ ಜೊತೆ ನಿಶ್ಚಲ್ ಎಂಬ ಡೈರೆಕ್ಟರು. ಮೂವತ್ತು ದಾಟಿರಲಿಲ್ಲ. ಭುಜದವರೆಗೂ ಕೂದಲು, ಅದಕ್ಕೊಂದು ರಬ್ಬರ್ ಬ್ಯಾಂಡು. ನನ್ನ ತೋಳಿನ ಮೇಲೆ ಕೈಯಾಡಿಸಿ, "ಏನ್ ಪೀಸ್ ಗುರೂ ಇದು!" ಅಂದ. ನನಗೆ ಹೆಮ್ಮೆಯಾಯಿತು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

"ಮಾವ, ರಾಜ್ಯಮಟ್ಟದ ಕ್ಷೌರ ಸ್ಪರ್ಧೆಯಂತೆ," ಅಂದ ಓಬಳೇಶ. "ಗೆದ್ದೋರಿಗೆ ಚಿನ್ನದ ಕತ್ತರಿ. ಇವರು ಅದ್ನ ಸಾಕ್ಷ್ಯಚಿತ್ರ ಮಾಡ್ತಾರಂತೆ. ನಮ್ಮ ಕಸುಬು ಏನು, ನಮ್ಮ ಕೈಚಳಕ ಏನು, ದೇಶವೆಲ್ಲ ನೋಡ್ತದೆ."

"ನನಗ್ಯಾಕಪ್ಪ ಸ್ಪರ್ಧೆ? ತಲೆ ಏನು ಓಡೋ ಕುದುರೇನಾ?"

"ನೀವಿಲ್ಲದೆ ಸ್ಪರ್ಧೆನೇ ಇಲ್ಲ ತಾತ," ಅಂದ ನಿಶ್ಚಲ್. "ಕತ್ತಿಯಲ್ಲಿ ತಲೆ ಬೋಳಿಸೋರು ಇನ್ನೆಷ್ಟು ಜನ ಇದ್ದಾರೆ ಹೇಳಿ? ನೀವು ಸತ್ಯವಾಗಿ ಮಾಡೋದನ್ನ ಮಾಡಿ, ನಾವು ಸತ್ಯವಾಗಿ ತೋರಿಸ್ತೀವಿ."

ಸತ್ಯವಾಗಿ. ಈ ಮಾತನ್ನು ಅವನು ಹೇಳಿದ್ದು ನನ್ನ ತೋಳಿನ ಮೇಲೆ ಕೈಯಿಟ್ಟುಕೊಂಡು. ನಾನು ಸಾಕ್ಷಿ.

ಸ್ಪರ್ಧೆ ಮಂಗಳವಾರ, ಒಂದು ಕಲ್ಯಾಣ ಮಂಟಪದಲ್ಲಿ. ಎಲ್ಲರಿಗೂ ರಜಾ ದಿನ ಅಂತ ಮಂಗಳವಾರವನ್ನೇ ಇಟ್ಟಿದ್ದರು. ಮಂಗಳವಾರ ಕತ್ತರಿ ಮುಟ್ಟುವುದು ಬೇಡ ಅಂದಳು ಲಕ್ಕಮ್ಮ. "ಒಂದು ದಿನ ಕಣೇ, ನಾಕು ಜನ ನಮ್ಮ ಕಸುಬಿಗೆ ಕೈ ಮುಗೀಲಿ" ಅಂತ ನಂಜಯ್ಯ ಹೊರಟ, ಅವಳೂ ಜೊತೆಗೆ ಹೊರಟಳು. ನನ್ನನ್ನು ಗೂಡ್ಸ್ ಆಟೋದಲ್ಲಿ ಗೋಣಿ ಹಾಸಿ ಮಲಗಿಸಿದ. ಮಂಟಪದಲ್ಲಿ ಇಳಿಸಿದ ಮೇಲೆ ಎಂದಿನಂತೆ ಮೂರು ಸಲ ಅದುಮಿ ನೋಡಿದ. ಗಟ್ಟಿಯಾಗಿದ್ದೆ.

ಆರು ಜನ ಕಸುಬಿನವರು, ಆರು ಕುರ್ಚಿ. ಮೇಲೆ ಕಣ್ಣು ಕುಕ್ಕುವ ದೀಪಗಳು. ಕತ್ತಿಗೆ ಒಂದು, ಮಷೀನಿಗೆ ಒಂದು, ಬಣ್ಣ ಹಚ್ಚುವುದಕ್ಕೆ ಒಂದು ಅಂತ ಪಂದ್ಯಗಳು. ಒಬ್ಬೊಬ್ಬರನ್ನೂ ಕ್ಯಾಮೆರಾ ಮುಂದೆ ಕೂರಿಸಿ, "ನೀವು ಈ ಸ್ಪರ್ಧೆಗೆ ಎಷ್ಟು ವರ್ಷದಿಂದ ತಯಾರಾಗ್ತಾ ಇದ್ದೀರಿ?" ಅಂತ ಗಂಭೀರವಾಗಿ ಕೇಳಿದರು. ಇವರೂ ಗಂಭೀರವಾಗಿ ಉತ್ತರ ಹೇಳಿದರು. ಓಬಳೇಶ ಇಂಗ್ಲಿಷ್‌ನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದ. ದೀಪದ ಹಿಂದಿನ ಕತ್ತಲೆಯಲ್ಲಿ ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಗುವುದು ನನಗೆ ಕೇಳಿಸುತ್ತಿತ್ತು. ಅವರಿಗೆ ಕೆಮ್ಮು ಅಂದುಕೊಂಡೆ.

ನಂಜಯ್ಯನ ಪಂದ್ಯಕ್ಕೆ ಮೊದಲು ಟೀಗೆ ಬಿಟ್ಟರು. ಎಲ್ಲರೂ ಆಚೆ ಹೋದರು. ಆಗ ಅರ್ಧ ಚಡ್ಡಿಯ ಒಬ್ಬ ಯುವಕ ನನ್ನ ಅಡಿಗೆ ತೂರಿದ. ಕೈಯಲ್ಲಿ ಸ್ಪ್ಯಾನರ್. ಇನ್ನೊಬ್ಬ ಸಣ್ಣ ಕ್ಯಾಮೆರಾ ಹಿಡಿದು ಅವನನ್ನೇ ತೆಗೆಯುತ್ತಿದ್ದ. ಚೌಡಾಚಾರಿ ಬಿಗಿದ ಬೋಲ್ಟನ್ನು ಅವನು ಹಲ್ಲು ಕಚ್ಚಿ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು, ಮೂರು. ಅವನಿಗೆ ಅದು ತಿರುಪು, ನನಗೆ ಮೈಯ ಕೀಲು. ಕೂಗಲು ಬಾಯಿ ಇದ್ದಿದ್ದರೆ ಮಂಟಪದ ಹೆಂಚು ಹಾರುತ್ತಿತ್ತು. "ಸಾಕು, ಕೂತ್ರೆ ನಿಲ್ಲುತ್ತೆ, ಎಡಕ್ಕೆ ವಾಲಿದ್ರೆ ಬೀಳುತ್ತೆ," ಅಂದ ನಿಶ್ಚಲ್. "ತಾತಂಗೆ ಯಾರೂ ಹೇಳ್ಬೇಡಿ. ರಿಯಾಕ್ಷನ್ ಒರಿಜಿನಲ್ ಬೇಕು."

ಬೆಂಗಳೂರಿಂದ ಬಂದ ನಟನೊಬ್ಬನನ್ನು ನನ್ನ ಮೇಲೆ ಕೂರಿಸಿದರು. ನಂಜಯ್ಯ ಅವನ ತಲೆಗೆ ನೀರು ತಟ್ಟಿ, ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದು, ಬಲಭಾಗದಿಂದ ಶುರು ಮಾಡಿದ. ಆ ಕೈ ನೋಡಬೇಕಿತ್ತು ನೀವು. ದೀಪ ಹಿಡಿದವರು ಕೂಡ ಕತ್ತು ಚಾಚಿ ನೋಡಿದರು. ಬಲಭಾಗ ಮುಗಿದು ಕತ್ತಿ ಕಿವಿಯ ಹತ್ತಿರ ಬಂದಾಗ ನಿಶ್ಚಲ್ ಕೈ ಎತ್ತಿದ. ಮೊದಲೇ ಹೇಳಿಕೊಟ್ಟಿದ್ದಂತೆ ನಟ ಎಡಕ್ಕೆ ವಾಲಿದ. ನಾನು ತಡೆಯಲು ನೋಡಿದೆ. ತಡೆಯಲು ನನ್ನಲ್ಲಿ ಏನು ಉಳಿದಿತ್ತು? ಹಲಗೆ ಪಕ್ಕಕ್ಕೆ ಬಿತ್ತು, ನಟ ಬಿದ್ದ, ಕಿವಿಯ ಮೇಲೆ ಕತ್ತಿ ಎಳೆಯಿತು. ಬಿಳೀ ಟವೆಲಿನ ಮೇಲೆ ಕೆಂಪು.

ನಂಜಯ್ಯ ಕತ್ತಿ ಎತ್ತಿ ಹಿಡಿದು ಹಾಗೇ ನಿಂತ. ಅಷ್ಟರಲ್ಲಿ ಸ್ಕೂಲು ಗಂಟೆ ಬಾರಿಸಿ, "ಟೈಮ್ ಅಪ್!" ಅಂದರು. ಅದರ ಹಿಂದೆಯೇ, "ಕಟ್! ಸೂಪರ್! ರಕ್ತ ಬೇರೆ ಬಂತು ಗುರೂ, ಬೋನಸ್!" ಅಂತ ನಿಶ್ಚಲ್ ಕುಣಿದ. ದೀಪಗಳು ಆರಿದವು. ಊಟ, ಊಟ ಅಂತ ಎಲ್ಲರೂ ಹೊರಟರು.

ನಟನೂ ಕಿವಿ ಒತ್ತಿಕೊಂಡು ಎದ್ದ. ಅರ್ಧ ಬೋಳು, ಅರ್ಧ ಕೂದಲು.

"ಕೂತ್ಕೊಳ್ಳಿ," ಅಂದ ನಂಜಯ್ಯ.

"ಬಿಡಿ ತಾತ, ಸೀನ್ ಮುಗೀತು."

"ಸೀನ್ ನಿಮ್ದು. ತಲೆ ನಂದು. ಕೂತ್ಕೊಳ್ಳಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಟ ಕೂತ. ಲಕ್ಕಮ್ಮ ಎಲ್ಲಿಂದಲೋ ಎರಡು ಇಟ್ಟಿಗೆ ತಂದು ನನ್ನ ಹಲಗೆಯ ಅಡಿಗೆ ಕೊಟ್ಟಳು. ಗಾಯಕ್ಕೆ ಪಟಿಕ ಒತ್ತಿ, ಕಿಟಕಿಯ ಬೆಳಕಿನಲ್ಲಿ, ನಂಜಯ್ಯ ಉಳಿದ ಅರ್ಧವನ್ನು ಮುಗಿಸಿದ. ಆ ಹೊತ್ತಿನಲ್ಲಿ ಒಂದು ಕ್ಯಾಮೆರಾವೂ ತೆರೆದಿರಲಿಲ್ಲ. ಆ ತಲೆ ಮುಗಿದದ್ದನ್ನು ಕಂಡವರು ಆ ನಟ, ಲಕ್ಕಮ್ಮ ಮತ್ತು ನಾನು.

ಅವತ್ತಿನಿಂದ ನಂಜಯ್ಯನಿಗೆ ತನ್ನ ಮೇಲೆಯೇ ಅನುಮಾನ. "ಮೂರು ಸಲ ಅದುಮಿದ್ನಲ್ಲೇ?" ಅಂತ ಲಕ್ಕಮ್ಮನನ್ನು ಕೇಳುತ್ತಿದ್ದ.

"ಅದುಮಿದ್ರಿ. ನಾನೇ ನೋಡ್ದೆ."

"ಎರಡೇ ಸಲ ಅದುಮಿದ್ನೇನೋ. ಆಟೋದಲ್ಲಿ ಕುಲುಕಿ ಸಡ್ಲ ಆಗಿತ್ತೇನೋ. ವಯಸ್ಸಾಯ್ತು ಕಣೇ. ಕುರ್ಚಿಗೂ ಆಯ್ತು, ನನಗೂ ಆಯ್ತು."

ನನ್ನನ್ನು ಹಗ್ಗ ಸುತ್ತಿ ಅಂಗಡಿಯ ಹಿಂದಿನ ಮೂಲೆಗೆ ನೂಕಿದ. ನನ್ನ ಜಾಗಕ್ಕೆ ಒಂದು ರೆಕ್ಸಿನ್ ಕುರ್ಚಿ ಬಂತು. ಎಂಟು ತಿಂಗಳು ನಾನು ಗೋಡೆಗೆ ಮುಖ ಮಾಡಿ ನಿಂತೆ. ಒಡೆಯನ ಕೈಯಿಂದ ರಕ್ತ ಹರಿಸಿದ ಕುರ್ಚಿ ಅನ್ನಿಸಿಕೊಂಡು, ಹಾಗಲ್ಲ ಅಂತ ಹೇಳಲಾರದೆ.

ಸಿನಿಮಾ ಬಂತು. ಅದರ ಹೆಸರನ್ನು ನಾನು ಹೇಳುವುದಿಲ್ಲ. ಸಂಘದವರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಮೊದಲ ಆಟಕ್ಕೆ ಹೋದರು. ನಂಜಯ್ಯ ಬಿಳೀ ಪಂಚೆ ಉಟ್ಟಿದ್ದ. ಅಲ್ಲಿ ನಡೆದದ್ದನ್ನು ಮಾರನೆಯ ದಿನ ಲಕ್ಕಮ್ಮ ಅಂಗಡಿಯಲ್ಲಿ ಅಳುತ್ತಾ ಹೇಳಿದ್ದರಿಂದ ನನಗೆ ತಿಳಿಯಿತು.

ಅದು ಸಾಕ್ಷ್ಯಚಿತ್ರವಾಗಿರಲಿಲ್ಲ. ಸಾಕ್ಷ್ಯಚಿತ್ರದ ವೇಷ ಹಾಕಿದ ನಗೆಚಿತ್ರ. ಚಿನ್ನದ ಕತ್ತರಿ ರಟ್ಟಿನದು. ಸ್ಪರ್ಧೆ, ತೀರ್ಪುಗಾರರು ಎಲ್ಲ ನಾಟಕ. ನಾಟಕ ಅಂತ ಗೊತ್ತಿಲ್ಲದಿದ್ದವರು ಆ ಆರು ಜನ ಮಾತ್ರ. ಓಬಳೇಶನ ಇಂಗ್ಲಿಷಿಗೆ ಹಿಂದಿನಿಂದ ಕತ್ತೆ ಕೂಗಿನ ಸದ್ದು ಸೇರಿಸಿದ್ದರು. ನಂಜಯ್ಯನ ಸರದಿ ಬಂದಾಗ ಟಾಕೀಸು ನಗುವಿನಲ್ಲಿ ಒಡೆದುಹೋಯಿತಂತೆ. ಕುರ್ಚಿ ಮುರಿಯಿತು, ಕಿವಿ ಕೊಯ್ದಿತು, ಗಂಟೆ ಹೊಡೆಯಿತು. ಅರ್ಧ ಬೋಳಿನ ಆ ಮನುಷ್ಯ ಬೀದಿಯಲ್ಲಿ ಓಡುತ್ತಾನೆ, ನಾಯಿಗಳು ಅಟ್ಟಿಸಿಕೊಂಡು ಹೋಗುತ್ತವೆ. ನಂಜಯ್ಯ ಕತ್ತಿ ಎತ್ತಿ ನಿಂತದ್ದನ್ನು ಹಿಂದೆ ಮುಂದೆ, ಹಿಂದೆ ಮುಂದೆ ನಾಲ್ಕು ಸಲ ತೋರಿಸಿದರು.

"ಏಳಿ, ಹೋಗಣ" ಅಂದಳಂತೆ ಲಕ್ಕಮ್ಮ. "ತಡಿಯೇ, ಮುಗಿಸಿದ್ದನ್ನ ತೋರುಸ್ತಾರೆ" ಅಂದನಂತೆ. ಅವನಿಗೆ ಅಷ್ಟು ನಂಬಿಕೆ. ಕ್ಯಾಮೆರಾ ತೆರೆದಿರಲಿಲ್ಲ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಸಿನಿಮಾ ಮುಗಿಯಿತು, ಹೆಸರುಗಳು ಓಡತೊಡಗಿದವು, ಜನ ಎದ್ದರು. ಇವನು ಕೂತೇ ಇದ್ದ. ಆಗ ಹೆಸರುಗಳ ಪಕ್ಕದಲ್ಲಿ, ಶೂಟಿಂಗಿನ ಹಿಂದಿನ ತಮಾಷೆ ಅಂತ, ಸಣ್ಣ ಸಣ್ಣ ತುಣುಕುಗಳು ಬಂದವು. ಒಂದರಲ್ಲಿ ಅರ್ಧ ಚಡ್ಡಿಯ ಯುವಕ ನನ್ನ ಅಡಿಯಲ್ಲಿ ಮಲಗಿ, ಸ್ಪ್ಯಾನರ್ ಹಿಡಿದು, ನಗುತ್ತಾ ನಾಲಿಗೆ ಚಾಚಿದ್ದ.

ಅವತ್ತು ನಂಜಯ್ಯ ಮನೆಗೆ ಹೋಗಲಿಲ್ಲ, ಸೀದಾ ಅಂಗಡಿಗೆ ಬಂದ. ಹಗ್ಗ ಬಿಚ್ಚಿ ನನ್ನನ್ನು ಮಗುಚಿದ. ಬೋಲ್ಟಿನ ಮೇಲೆ ಸ್ಪ್ಯಾನರಿನ ಹೊಸ ಗೀರುಗಳಿದ್ದವು. ಅವುಗಳ ಮೇಲೆ ಹೆಬ್ಬೆರಳು ಆಡಿಸಿದ. "ನಿನ್ನ ಮೇಲೆ ಹೊರಿಸಿಬಿಟ್ನಲ್ಲೋ," ಅಂದ. ಬೋಲ್ಟನ್ನು ತನ್ನ ಕೈಯಾರೆ ಬಿಗಿದ. ನಟ್ಟಿನಾಚೆ ಚಾಚಿದ್ದ ಅದರ ತುದಿಯನ್ನು ಸುತ್ತಿಗೆಯಿಂದ ಬಡಿದು ಬಡಿದು ಅಣಬೆಯಂತೆ ಚಪ್ಪಟೆ ಮಾಡಿದ, ಇನ್ನು ಯಾವ ಸ್ಪ್ಯಾನರಿಗೂ ಬಿಚ್ಚದ ಹಾಗೆ. ರೆಕ್ಸಿನ್ ಕುರ್ಚಿಯನ್ನು ಆಚೆ ಹಾಕಿ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದ.

ಆದರೆ ಬೋಲ್ಟು ಬಿಗಿದರೆ ಹೆಸರು ಬಿಗಿಯುವುದಿಲ್ಲವಲ್ಲ. ಊರಲ್ಲಿ ಅವನಿಗೆ ಅರ್ಧತಲೆ ನಂಜಯ್ಯ ಅಂತ ಹೆಸರಾಯಿತು. "ಪೂರ್ತಿ ಮಾಡ್ತೀಯೋ, ನಾಯಿ ಅಟ್ಟಿಸ್ಕೊಂಡು ಬರ್ಬೇಕೋ?" ಅಂತ ಬಂದವರೆಲ್ಲ ಹಲ್ಲು ಕಿರಿಯುವವರೇ. ನನ್ನ ಮೇಲೆಯೇ ಕೂತು, ಮೊಬೈಲಿನಲ್ಲಿ ಅದೇ ತುಣುಕು ಹಾಕಿಕೊಂಡು, ಕನ್ನಡಿಯಲ್ಲಿ ಅವನ ಮುಖ ನೋಡುತ್ತಿದ್ದರು, ನಗುತ್ತಾನೋ ಇಲ್ಲವೋ ಅಂತ. ಎಂಥ ಜನ! ಕುತ್ತಿಗೆಯನ್ನು ಅವನ ಕತ್ತಿಯ ಕೆಳಗೆ ಇಟ್ಟು ನಗುತ್ತಿದ್ದರು. ಆ ಕೈಯ ಮೇಲೆ ಅಷ್ಟು ನಂಬಿಕೆ, ಆ ಮನುಷ್ಯನ ಮೇಲೆ ಅಷ್ಟು ತಾತ್ಸಾರ. ಎರಡೂ ಒಂದೇ ತಲೆಯಲ್ಲಿ ಹೇಗೆ ಹಿಡಿಸುತ್ತದೋ ನನಗೆ ಇವತ್ತಿಗೂ ತಿಳಿಯದು.

"ಮುಗಿಸಿದ್ದೆ ಸ್ವಾಮಿ, ಅವರು ತೋರಿಸಿಲ್ಲ" ಅಂತ ಮೊದಮೊದಲು ಹೇಳಿದ. "ಬಿಡಪ್ಪ, ನಾವೇ ಕಣ್ಣಾರೆ ನೋಡಿದ್ವಲ್ಲ" ಅಂದರು. ಆಮೇಲೆ ಹೇಳುವುದನ್ನು ಬಿಟ್ಟ.

ಮಾರ್ಗಶಿರದಲ್ಲಿ ಒಂದು ಮದುವೆ. ಗಂಡಿನ ಅಪ್ಪನ ಮದುವೆಗೂ ನಂಜಯ್ಯನೇ ಕ್ಷೌರ ಮಾಡಿದ್ದವನು. ವೀಳ್ಯ ಆಗಲೇ ಕೊಟ್ಟಿದ್ದರು. ಮೂರು ದಿನ ಮುಂಚೆ ಆ ಅಪ್ಪನೇ ಬಂದು, ಒಳಗೆ ಕಾಲಿಡದೆ, ಬಾಗಿಲಲ್ಲೇ ನಿಂತು, "ನಂಜಯ್ಯ, ತಪ್ಪು ತಿಳ್ಕೋಬೇಡ. ಹೆಣ್ಣಿನ ಕಡೇರು ಸಿನಿಮಾ ನೋಡವ್ರೆ. ರಕ್ತ, ಅರ್ಧ ತಲೆ, ಅಪಶಕುನ ಅಂತಾರೆ" ಅಂದ. ನಂಜಯ್ಯ ಎಲೆ ಅಡಿಕೆಯನ್ನು ಹಾಗೇ ತಂದು ವಾಪಸು ಕೊಟ್ಟ. ಎಲೆ ಬಾಡಿತ್ತು. ಲಕ್ಕಮ್ಮ ಮಡಿಸಿಟ್ಟಿದ್ದ ಪಂಚೆಯನ್ನು ಮತ್ತೆ ಬಿಚ್ಚಲಿಲ್ಲ.

ಅದಾದ ಮೇಲೆ ಒಂದು ಬುಧವಾರ, ನಿಶ್ಚಲ್ ಬಂದ.

ಬಾಗಿಲಲ್ಲಿ ದೊಡ್ಡ ಕಾರು. ಜೊತೆಗೆ ಮೊಬೈಲ್ ಹಿಡಿದು ತೆಗೆಯುವ ಒಬ್ಬಳು ಹುಡುಗಿ. "ತಾತಾ! ನಮ್ಮ ಹೀರೋ!" ಅಂತ ಒಳಗೆ ಬಂದವನು ನನ್ನ ಮೇಲೆ ಧೊಪ್ಪೆಂದು ಕೂತ. ಸಿನಿಮಾ ಗೆದ್ದರೆ ಮುಡಿ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದನಂತೆ. "ಮುಡಿ ನಿಮ್ಮ ಕೈಯಲ್ಲೇ ಆಗ್ಬೇಕು. ವೀಡಿಯೋ ಹಾಕ್ತೀವಿ, ಜನ ಬಿದ್ದು ಬಿದ್ದು ನೋಡ್ತಾರೆ. ಎರಡನೇ ಭಾಗಾನೂ ಮಾಡ್ತಾ ಇದ್ದೀವಿ. ಅದ್ರಲ್ಲೂ ನೀವೇ."

ನಂಜಯ್ಯ ಅವನನ್ನು ಕನ್ನಡಿಯಲ್ಲಿ ನೋಡಿದ. "ಹರಕೆ ಅಂದ್ರಾ?"

"ಹೌದು ತಾತ. ನಮ್ಮಮ್ಮನಿಗೆ ಮಾತು ಕೊಟ್ಟಿದ್ದೀನಿ."

"ಸರಿ."

ರಬ್ಬರ್ ಬ್ಯಾಂಡು ಬಿಚ್ಚಿದ. ನೀರು ತಟ್ಟಿದ. ಕತ್ತಿ ಮಸೆದ. ನಾನು ನನ್ನ ಅರವತ್ತು ವರ್ಷದ ಮರವನ್ನೆಲ್ಲ ಬಿಗಿ ಹಿಡಿದು ನಿಂತಿದ್ದೆ. ಏನಾಗುತ್ತದೋ ಅಂತ ನನಗೆ ಭಯ. ಕತ್ತಿ ಅವನ ಕೈಯಲ್ಲಿದೆ, ಕುತ್ತಿಗೆ ನನ್ನ ಮೇಲಿದೆ. ಆದರೆ ಕತ್ತಿ ಎಂದಿನ ಹಾಗೆಯೇ ನಡೆಯಿತು, ಹಗುರವಾಗಿ, ಬಲಭಾಗದಿಂದ. ಉದ್ದುದ್ದ ಕೂದಲು ನನ್ನ ತೋಳಿನ ಮೇಲೆ ಬಿತ್ತು. ನಿಶ್ಚಲ್ ಮೊಬೈಲಿಗೆ ಹಲ್ಲು ಬಿಡುತ್ತಿದ್ದ. ಬಲಭಾಗ ಮುಗಿಯುವ ಹೊತ್ತಿಗೆ ಸ್ಟೇಷನ್ನಿನಲ್ಲಿ ಗಂಟೆ ಹೊಡೆದು ರೈಲು ಕೂಗಿತು.

ನಂಜಯ್ಯ ಕತ್ತಿಯನ್ನು ಒರೆಸಿ ಮಡಿಸಿದ. ಟವೆಲನ್ನು ಕೊಡವಿ ಮೊಳೆಗೆ ನೇತು ಹಾಕಿದ.

"ಆಯ್ತು, ಏಳಿ."

"ಏನಾಯ್ತು ತಾತ? ಇನ್ನೂ ಅರ್ಧ ಇದೆ."

"ಗಂಟೆ ಹೊಡೀತಲ್ಲ. ನಿಮ್ಮ ಸಿನಿಮಾದಲ್ಲಿ ನಾನು ಗಂಟೆ ಹೊಡೆದ ಮೇಲೆ ಮುಟ್ಟಲ್ಲ."

ನಿಶ್ಚಲ್ ನಕ್ಕ. ಹುಡುಗಿಯೂ ನಕ್ಕಳು. ನಂಜಯ್ಯ ನಗಲಿಲ್ಲ. ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಸವರಿದ. ಆಗ ಅವರ ನಗು ನಿಂತಿತು. ನಿಶ್ಚಲ್ ಬೈದ, ಪುಸಲಾಯಿಸಿದ, ಪೊಲೀಸು ಅಂದ. ಕೊನೆಗೆ ಟವೆಲನ್ನೇ ತಲೆಗೆ ಸುತ್ತಿಕೊಂಡು ಓಬಳೇಶನ ಏಸಿ ಸಲೂನಿಗೆ ಹೋದ.

ಅಲ್ಲಿ ನಡೆದದ್ದನ್ನು ಆಮೇಲೆ ಓಬಳೇಶನೇ ಹೇಳಿದ. ಟವೆಲು ತೆಗೆದು ನೋಡಿದವನು ಒಂದೇ ಮಾತು ಕೇಳಿದನಂತೆ: "ಯಾರು ಶುರು ಮಾಡಿದ್ದು?"

"ನಿಮ್ಮ ನಂಜಯ್ಯ."

"ಹಂಗಾದ್ರೆ ಅವರೇ ಮುಗಿಸ್ಬೇಕು. ನಾನು ಮುಟ್ಟಂಗಿಲ್ಲ."

"ನಿಮ್ಮನ್ನ ಸಿನಿಮಾದಲ್ಲಿ ತೋರಿಸಿದ್ದೀನಿ ಓಬಳೇಶ್!"

"ತೋರಿಸಿದ್ದೀರಿ ಸಾರ್. ಕತ್ತೆ ಕೂಗಿನ ಜೊತೇಲಿ."

ಓಬಳೇಶ ಉಳಿದ ಅಂಗಡಿಗಳಿಗೆ ಫೋನು ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ. ಹನ್ನೊಂದು ಅಂಗಡಿಯಲ್ಲಿ ಹನ್ನೊಂದು ಸಲ ಅದೇ ಪ್ರಶ್ನೆ, ಯಾರು ಶುರು ಮಾಡಿದ್ದು. ಕಾರಿನಲ್ಲಿ ಕೂತು ಬೆಂಗಳೂರಿಗೆ ಹೋಗಬಹುದಿತ್ತು ಅವನು. ಆದರೆ ತಾಯಿ ಆಗಲೇ ಇಲ್ಲೇ ಹತ್ತಿರದ ಹರಕೆಯ ದೇವಸ್ಥಾನಕ್ಕೆ ಬಂದು ಕಾಯುತ್ತಿದ್ದಳಂತೆ, ಮಗನ ಬೋಳು ತಲೆ ನೋಡಲು. ಅರ್ಧ ಮುಡಿ ಹೊತ್ತು ಆ ತಾಯಿಯ ಎದುರಿಗೆ ಹೋಗುವ ಧೈರ್ಯ ಅವನಿಗೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದ. ಹಿಂದೆ ಓಬಳೇಶ, ಅವನ ಹಿಂದೆ ಅರ್ಧ ಬೀದಿ. ಟವೆಲು ಜಾರಿತ್ತು. ಒಂದು ನಾಯಿ ಕೂಡ ಬಂದಿತ್ತು. ದೇವರಾಣೆಗೂ ಅದನ್ನು ಯಾರೂ ಕರೆದಿರಲಿಲ್ಲ.

"ಸಾರಿ ತಾತ," ಅಂದ ನಿಶ್ಚಲ್. "ಕಾಮಿಡಿಗೋಸ್ಕರ ಮಾಡಿದ್ವಿ."

"ಸಾರಿ ನನಗೆ ಬೇಡ. ಆ ದಿನ ಆಗಿದ್ದನ್ನ ಹೇಳಿ. ಇವರು ಕೇಳ್ಲಿ."

"ಕುರ್ಚಿ ಬಿತ್ತು..."

"ಬಿತ್ತಾ?" ನಂಜಯ್ಯನ ದನಿ ಅಷ್ಟು ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅರವತ್ತು ವರ್ಷ ಬೀಳದೆ ಇದ್ದ ಕುರ್ಚಿ ನಿಮ್ಮನ್ನ ಕಂಡ ತಕ್ಷಣ ಬಿತ್ತಾ?"

"ಬೋಲ್ಟು ಸಡಿಲ ಮಾಡಿಸಿದ್ವಿ."

"ಯಾರು?"

"ನಾನೇ ಹೇಳಿ ಮಾಡಿಸಿದ್ದು."

"ನಿಮ್ಮ ಹುಡುಗ ಯಾಕೆ ವಾಲಿದ?"

"ನಾನು ಕೈ ಎತ್ತಿದ್ದಕ್ಕೆ."

"ಆಮೇಲೆ?"

"ನಾವು ಊಟಕ್ಕೆ ಹೋದ್ವಿ."

"ಆಮೇಲೆ ಆ ತಲೆ ಏನಾಯ್ತು?"

ನಿಶ್ಚಲ್ ಜಾರಿದ್ದ ಟವೆಲನ್ನು ಮೇಲೆಳೆದುಕೊಂಡ. ಗೊತ್ತಿಲ್ಲ ಅನ್ನುತ್ತಾನೆ ಅಂದುಕೊಂಡೆ. ಗೊತ್ತಿಲ್ಲ ಅಂದಿದ್ದರೆ ನನ್ನ ಸಿಟ್ಟು ಅರ್ಧ ಇಳಿಯುತ್ತಿತ್ತೇನೋ.

"ಊಟ ಮುಗಿಸಿ ಬಂದಾಗ ಪೂರ್ತಿ ಬೋಳಾಗಿತ್ತು," ಅಂದ, ನೆಲ ನೋಡುತ್ತಾ. "ನಾಯಿ ಸೀನಿಗೆ ಅರ್ಧ ತಲೆ ಬೇಕಿತ್ತು. ಕಂಟಿನ್ಯುಟಿ ಹೋಯ್ತು, ಹಿಂದಿನ ಸೀನಿಗೆ ಹೊಂದಲ್ಲ ಅಂತ ನಾನು ಆ ನಟನಿಗೆ ಬೈದೆ. ತಾತ ಬಿಡ್ಲಿಲ್ಲ, ಕಾಲಿಗೆ ಬೀಳ್ತೀನಿ ಅಂದ್ರು ಅಂತ ಅವನು ಹೇಳ್ದ. ಆಮೇಲೆ ಅರ್ಧ ತಲೆಗೆ ಕೂದಲು ಅಂಟಿಸಿ ತೆಗೆದ್ವಿ."

ಕೂದಲು ಅಂಟಿಸಿದ್ದರು! ಅವನು ಮುಗಿಸಿದ ತಲೆಗೆ ಕೂದಲು ಅಂಟಿಸಿ, ಅವನು ಮುಗಿಸಲಿಲ್ಲ ಅಂತ ತೋರಿಸಿದ್ದರು.

"ಮುಗಿಸಿದ್ದು ಗೊತ್ತಿತ್ತು ನಿಮಗೆ," ಅಂದ ನಂಜಯ್ಯ.

"ಗೊತ್ತಿತ್ತು."

ನಾನಾಗಿದ್ದರೆ ಕೂರಿಸುತ್ತಿರಲಿಲ್ಲ. ಖಂಡಿತ ಕೂರಿಸುತ್ತಿರಲಿಲ್ಲ. ಆದರೆ ನಾನು ಕುರ್ಚಿ, ಅವನು ದಾಸಪ್ಪನ ಮಗ. ನನ್ನ ಹಲಗೆಯ ಮೇಲೆ ಅಂಗೈಯಿಟ್ಟು ಎಲ್ಲರೂ ನೋಡುವಂತೆ ಅದುಮಿದ. ಒಂದು. ಎರಡು. ಮೂರು.

"ಕೂತ್ಕೊಳ್ಳಿ," ಅಂದ.

ಎಡಭಾಗ ಮುಗಿಸಿದ. ಒಂದು ಹನಿ ರಕ್ತ ಬರಲಿಲ್ಲ. ನಿಶ್ಚಲ್ ಎದ್ದು ಹೋಗುವಾಗ ಅವನ ತಲೆ ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಜನ ಯಾರೂ ನಗಲಿಲ್ಲ.

ಕಥೆ ಇಲ್ಲಿ ಸುಖವಾಗಿ ಮುಗಿಯಿತು ಅಂದುಕೊಂಡಿರೋ? ಆ ಹುಡುಗಿ ಮೊಬೈಲಿನಲ್ಲಿ ತೆಗೆದದ್ದು ಎಲ್ಲೂ ಬರಲಿಲ್ಲ. ಕೇಳಿಸಿಕೊಂಡವರು ಬಾಗಿಲಲ್ಲಿದ್ದ ಮೂವತ್ತು ನಲವತ್ತು ಜನ. ಸಿನಿಮಾ ನೋಡಿದವರು ಲಕ್ಷ ಲಕ್ಷ. ಈ ಊರಿನಲ್ಲಿ ನಂಜಯ್ಯನಿಗೆ ಮತ್ತೆ ವೀಳ್ಯ ಬಂತು, ನಿಜ. ಲಕ್ಕಮ್ಮ ಪಂಚೆ ಬಿಚ್ಚಿ ಕೊಟ್ಟಳು, ಅದೂ ನಿಜ. ಮೂರು ಮದುವೆ ಮಾಡಿ ಬಂದ. ಆದರೆ ತಿಪಟೂರಿನಲ್ಲಿ, ಬೀರೂರಿನಲ್ಲಿ, ರೈಲು ಹೋಗುವ ಎಲ್ಲ ಊರುಗಳಲ್ಲಿ, ಅವನು ಇವತ್ತಿಗೂ ಕತ್ತಿ ಎತ್ತಿ ನಿಂತಿದ್ದಾನೆ, ಹಿಂದೆ ಮುಂದೆ, ಹಿಂದೆ ಮುಂದೆ. ಅವನು ತೀರಿಕೊಂಡು ಎರಡು ವರ್ಷವಾಯಿತು. ಅಲ್ಲಿ ಇನ್ನೂ ನಗುತ್ತಿದ್ದಾರೆ.

ಅಂಗಡಿ ಈಗ ಮೊಬೈಲ್ ರಿಪೇರಿಯವರದ್ದು. ನಾನು ರೈಲ್ವೆ ಗೇಟಿನ ಹತ್ತಿರದ ಗುಜರಿಯಲ್ಲಿದ್ದೇನೆ. ನಾನು ಹುಟ್ಟಿದ ಕುಲುಮೆ ಇದ್ದದ್ದು ಇಲ್ಲೇ ಎಲ್ಲೋ, ಗುರುತು ಸಿಗುವುದಿಲ್ಲ. ಮಳೆ ನೀರು ಹೊನ್ನೆ ಹಲಗೆಯೊಳಗೆ ಇಳಿಯುತ್ತಿದೆ. ಮರವನ್ನು ಸೌದೆಗೆ, ಕಬ್ಬಿಣವನ್ನು ತೂಕಕ್ಕೆ ಅಂತ ಗುಜರಿಯ ಸಾಬಣ್ಣ ಬೇರೆ ಮಾಡಲು ಕೂತಿದ್ದಾನೆ. ಬೆಳಿಗ್ಗೆಯಿಂದ ನನ್ನ ಅಡಿಯಲ್ಲಿ ಮಲಗಿ ಸ್ಪ್ಯಾನರ್ ಹಾಕಿ ಎಳೆಯುತ್ತಿದ್ದಾನೆ. ಬೆವರು ಸುರಿಯುತ್ತಿದೆ.

"ಯಾವನಪ್ಪ ಇದನ್ನ ಹಿಂಗೆ ಬಡಿದಿಟ್ಟೋನು?" ಅಂತ ಬೈಯುತ್ತಿದ್ದಾನೆ.

ನಾನು ಬಿಗಿಯಾಗಿ ಹಿಡಿದುಕೊಂಡಿದ್ದೇನೆ. ಎಳೆಯಲಿ.